ಕೇಪುಳ ಹಣ್ಣಾಗುವ ಹೊತ್ತು

ಕಳೆದ ಎಪ್ರಿಲಿನ ಒಂದು ಮಧ್ಯಾಹ್ನ, ಊಟ ಮುಗಿಸಿ ಚಾವಡಿಯಲ್ಲಿ ಕೂತಿದ್ದಾಗ ಬೆಂಗಳೂರಿನಿಂದ ತಂಗಿಯ ಮಗಳು ಒಂದು ಫೋಟೋ ಕಳಿಸಿದಳು. ಅವಳ ನಾಲ್ಕು ವರ್ಷದ ಮಗನ ಅಂಗೈ. ಅದರಲ್ಲಿ ಕಿತ್ತಳೆ ಬಣ್ಣದ ಏಳೆಂಟು ಹಣ್ಣು, ಸರಕ್ಕೆ ಪೋಣಿಸುವ ಮಣಿಯಷ್ಟು ನುಣುಪು. 'ದೊಡ್ಡಮ್ಮ, ಇದೆಂತ ಹಣ್ಣು? ನಮ್ಮ ಅಪಾರ್ಟ್‌ಮೆಂಟಿನ ಬೇಲಿಯಲ್ಲಿ ಗೊಂಚಲು ಗೊಂಚಲು ಉಂಟು. ತಿನ್ಲಿಕ್ಕೆ ಆಗ್ತದಾ?' ಎಂದು ಕೆಳಗೆ ಬರೆದಿದ್ದಳು.

ಬರೆದು ಉತ್ತರಿಸುವಷ್ಟು ತಾಳ್ಮೆ ನನಗಿರಲಿಲ್ಲ. ಫೋನೇ ಮಾಡಿದೆ. 'ಬಾಯಿಗೆ ಹಾಕಿದನಾ?'

'ಇಲ್ಲ ದೊಡ್ಡಮ್ಮ. ಕೇಳದೆ ಎಂತದ್ದೂ ತಿನ್ನಬಾರದು ಅಂತ ಹೇಳಿಟ್ಟಿದ್ದೇನೆ.'

ಎದೆಯ ಬಡಿತ ತುಸು ಇಳಿಯಿತು. ಅದು ಡುರಾಂಟಾ. ಅಮೆರಿಕ ಖಂಡದ ಬಿಸಿಲೂರುಗಳ ಗಿಡ. ತಿಳಿನೇರಳೆ ಹೂವಿನ ಜಡೆ ಇಳಿಬಿಡುತ್ತದೆ, ಆಮೇಲೆ ಚಿನ್ನದ ಬಣ್ಣದ ಹಣ್ಣಿನ ಗೊಂಚಲು ತೂಗುತ್ತದೆ. ಹಕ್ಕಿಗಳು ತಿಂದರೆ ಏನೂ ಆಗುವುದಿಲ್ಲ. ಮಕ್ಕಳಿಗೆ, ನಾಯಿಗೆ, ಬೆಕ್ಕಿಗೆ ಅದು ವಿಷ. ಕತ್ತರಿಸಿದಷ್ಟೂ ದಟ್ಟವಾಗಿ ಚಿಗುರುತ್ತದೆಂದು ಶಾಲೆ, ಕಚೇರಿ, ಬಡಾವಣೆಗಳ ಬೇಲಿಗೆಲ್ಲ ಅದನ್ನೇ ನೆಡುತ್ತಾರೆ. ಮಗುವಿನ ಕೈಗೆ ಎಟಕುವ ಎತ್ತರದಲ್ಲಿ, ಮಗುವಿನ ಕಣ್ಣನ್ನು ಕರೆಯುವ ಬಣ್ಣದಲ್ಲಿ, ತಿನ್ನಬಾರದ ಹಣ್ಣು. ನನಗೆ ಇದು ಎಂದಿಗೂ ಸರಿ ಕಂಡದ್ದಿಲ್ಲ.

ಫೋನಿಡುವ ಮೊದಲು ಅವಳು ಇನ್ನೊಂದು ಮಾತು ಕೇಳಿದಳು. 'ಅಲ್ಲ ದೊಡ್ಡಮ್ಮ, ನೀವು ಅಮ್ಮ ಎಲ್ಲ ಸಣ್ಣದಿರುವಾಗ ಗುಡ್ಡೆಯಲ್ಲಿ ಸಿಕ್ಕಿದ್ದೆಲ್ಲ ತಿಂತಿದ್ರಲ್ಲ, ಆಗ ಯಾರನ್ನು ಕೇಳ್ತಿದ್ರಿ?'

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು.

ನನ್ನ ತವರು ಸುಳ್ಯ ತಾಲೂಕಿನ ಗುತ್ತಿಗಾರಿನ ಬದಿಯಲ್ಲಿ. ಮನೆಯ ಎದುರು ಅಡಿಕೆ ತೋಟ, ಹಿಂದೆ ಗುಡ್ಡೆ. ತೋಟ ದೊಡ್ಡವರದ್ದು, ಗುಡ್ಡೆ ಮಕ್ಕಳದ್ದು. ಬೇಸಿಗೆ ರಜೆ ಬಂತೆಂದರೆ ಬೆಳಗ್ಗೆ ಗಂಜಿ ಉಂಡು ಹತ್ತಿದರೆ ಹಸಿವಾದಾಗಲೇ ಇಳಿಯುವುದು. ಹಸಿವಾಗುತ್ತಿದ್ದುದೂ ತಡವಾಗಿ, ಗುಡ್ಡೆಯೇ ಊಟ ಬಡಿಸುತ್ತಿತ್ತು. ಕುಂಟಾಂಗಿಲ, ಕರಂಡೆ, ಅಬ್ಳುಕ, ನಾಲಗೆಯನ್ನು ಕಡುನೇರಳೆ ಮಾಡುವ ನೆಕ್ಕರೆ. ನೆಕ್ಕರೆಯ ಸಸ್ಯಶಾಸ್ತ್ರದ ಹೆಸರು ಮೆಲಾಸ್ಟೋಮ. ಗ್ರೀಕಿನಲ್ಲಿ ಅದರ ಅರ್ಥ ಕಪ್ಪು ಬಾಯಿ ಎಂದು ಎಷ್ಟೋ ವರ್ಷಗಳ ನಂತರ ಓದಿದಾಗ, ಆ ಹೆಸರಿಟ್ಟವರಿಗೂ ನಮ್ಮಂಥ ಮಕ್ಕಳ ಪರಿಚಯವಿತ್ತೆಂದು ಸಂತೋಷವಾಯಿತು.

ಇವೆಲ್ಲದರ ನಡುವೆ ಎಲ್ಲೆಲ್ಲೂ ಇದ್ದದ್ದು ಕೇಪುಳ. ಮುರಕಲ್ಲಿನ ಸಂದಿಯಲ್ಲಿ, ಕಾಲುದಾರಿಯ ಅಂಚಿನಲ್ಲಿ, ಗೇರು ಮರದ ಅಡಿಯಲ್ಲಿ, ಸೊಂಟದೆತ್ತರದ ಪೊದೆ. ಹಟ್ಟಿಗೆ ಸೊಪ್ಪು ಕಡಿಯುವವರು ವರ್ಷವರ್ಷ ಸವರಿದರೂ ಮಳೆಗೆ ಮತ್ತೆ ಚಿಗುರುತ್ತಿತ್ತು. ಚಳಿಗಾಲದಲ್ಲಿ ಕೆಂಪು ಹೂವಿನ ಗೊಂಚಲು. ನಾವು ಒಂದೊಂದೇ ಹೂ ಕಿತ್ತು, ನಡುವಿನ ಎಳೆಯನ್ನು ಹಿಂದಿನಿಂದ ಮೆಲ್ಲಗೆ ಎಳೆದು, ತುದಿಯಲ್ಲಿ ಬರುವ ಜೇನಿನ ಹನಿಯನ್ನು ನಾಲಗೆಗೆ ಸೋಕಿಸುತ್ತಿದ್ದೆವು. ಎಳೆ ತೆಗೆದ ಹೂವಿನ ನಡುವಿನ ತೂತಿಗೆ ಇನ್ನೊಂದು ಹೂವಿನ ಕೊಳವೆ ತೂರಿಸಿದರೆ ನೂಲಿಲ್ಲದ ಮಾಲೆ. ಮಾರ್ಚ್ ದಾಟಿದರೆ ಹೂವಿದ್ದಲ್ಲಿ ಕಡಲೆಯಷ್ಟಕ್ಕೆ ಕಾಯಿ, ಮೊದಲು ಹಸಿರು, ಆಮೇಲೆ ಕೆಂಪು, ಕೊನೆಗೆ ಕಪ್ಪಿಗೆ ತಿರುಗುವ ಹಣ್ಣು. ಕೆಂಪಿರುವಾಗ ತಿಂದರೆ ಒಗರು. ಕಪ್ಪಾದ ಮೇಲೆ ಸಿಹಿ, ಸಣ್ಣ ಒಗರಿನೊಡನೆ. ತಿರುಳು ಕಡಿಮೆ, ಬೀಜವೇ ಹೆಚ್ಚು. ಮುಷ್ಟಿ ತುಂಬ ಬಾಯಿಗೆ ಹಾಕಿ ಬೀಜ ಉಗುಳುತ್ತ ನಡೆಯುವುದು. ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಹಣ್ಣೂ ಮುಗಿಯುತ್ತಿತ್ತು, ರಜೆಯೂ ಮುಗಿಯುತ್ತಿತ್ತು.

ಯಾರನ್ನು ಕೇಳುತ್ತಿದ್ದೆವು? ನಮಗಿಂತ ಎರಡು ವರ್ಷಕ್ಕೆ ದೊಡ್ಡವರನ್ನು. ದೊಡ್ಡಪ್ಪನ ಮಗ ಒಬ್ಬನಿದ್ದ. ಅವನು ಮುಟ್ಟಿದ್ದನ್ನು ಮಾತ್ರ ನಾವು ಮುಟ್ಟುತ್ತಿದ್ದುದು. ಅವನಿಗೆ ಹೇಳಿಕೊಟ್ಟದ್ದು ಹಟ್ಟಿಯ ಕೆಲಸದ ಹೆಂಗಸು. ಅವಳಿಗೆ ಅವಳ ಅಮ್ಮ. ಎಲೆ ಮುರಿದಾಗ ಹಾಲು ಬಂದರೆ ದೂರವಿರು, ಗುರುತಿಲ್ಲದ ಹಣ್ಣು ಹಕ್ಕಿ ತಿಂದಿದೆಯೆಂದು ನೀನು ತಿನ್ನಬೇಡ, ಒಂದೇ ಗಿಡವನ್ನು ಹೂವಿರುವಾಗಲೂ ನೋಡಿ ಹಣ್ಣಿರುವಾಗಲೂ ನೋಡು. ಅವನ ಪಾಠ ಇಷ್ಟೇ ಇತ್ತು. ಈಗ ಯೋಚಿಸಿದರೆ ಕೊನೆಯದು ಬಹಳ ದೊಡ್ಡ ಪಾಠ. ಫೋನಿಗೆ ತೋರಿಸಿದರೆ ಹೆಸರು ಹೇಳುವ ಆ್ಯಪ್‌ಗಳು ಈಗ ಇವೆ, ನಾನೂ ಬಳಸುತ್ತೇನೆ. ಅವು ನೋಡುವುದು ಒಂದು ಕ್ಷಣವನ್ನು. ಗಿಡದ ಗುರುತು ಹಿಡಿಯಲು ಒಂದು ವರ್ಷವಾದರೂ ಬೇಕು.

ತಂಗಿಯ ಮಗಳಿಗೆ ಆ ರಾತ್ರಿ ಉದ್ದದ ಉತ್ತರ ಬರೆದೆ. ಕೇಪುಳವನ್ನು ಹೇಗೆ ಗುರುತಿಸುವುದೆಂದು.

ಎಲೆಗಳು ಎದುರುಬದುರು, ಜೋಡಿಜೋಡಿಯಾಗಿ. ದಪ್ಪ, ಮೇಲ್ಮೈ ಹೊಳಪು. ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ; ಎಲೆಯ ಬುಡ ಹೃದಯದ ಆಕಾರದಲ್ಲಿ ಕಡ್ಡಿಯನ್ನು ಅಪ್ಪಿಕೊಂಡಂತಿರುತ್ತದೆ. ಎರಡು ಎಲೆಗಳ ಸಂದಿಯಲ್ಲಿ, ಕಡ್ಡಿಗೆ ಅಂಟಿಕೊಂಡು, ಮುಳ್ಳಿನಂತೆ ಕಾಣುವ ಆದರೆ ಚುಚ್ಚದ ಒಂದು ಚೂಪು ಪೊರೆ. ಈ ಪೊರೆಯೇ ಅದರ ಕುಲದ ಗುರುತು. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವಾಗ ದಾರಿಯಲ್ಲಿ ನಿಂತು ಒಂದು ಕಾಫಿ ಕಡ್ಡಿಯನ್ನು ಹಿಡಿದು ನೋಡಿದರೆ ಎಲೆಯ ಸಂದಿಯಲ್ಲಿ ಅದೇ ಪೊರೆ ಕಾಣುತ್ತದೆ. ಕಾಫಿ, ಕೇಪುಳ ಎರಡೂ ಒಂದೇ ಕುಟುಂಬ. ಹಣ್ಣನ್ನು ಬಿಡಿಸಿದರೂ ಆ ನಂಟು ಗೊತ್ತಾಗುತ್ತದೆ. ಒಳಗೆ ಎರಡು ಬೀಜ, ಹೊರಮೈ ಉಬ್ಬು, ಎದುರುಬದುರಾಗಿ ಕೂತ ಮುಖ ಒಳಕ್ಕೆ ಗುಳಿ. ಹಣ್ಣಿನ ತಲೆಯ ಮೇಲೆ ನಾಲ್ಕು ಹಲ್ಲಿನ ಒಂದು ಪುಟ್ಟ ಕಿರೀಟ ಉಳಿದಿರುತ್ತದೆ. ಡುರಾಂಟಾದ ಹಣ್ಣಿಗೆ ಕಿರೀಟವಿಲ್ಲ. ಅದನ್ನು ಪುಷ್ಪಪಾತ್ರೆಯೇ ಚೀಲದಂತೆ ಸುತ್ತಿಕೊಂಡು ತುದಿಯಲ್ಲಿ ಕೊಕ್ಕು ಚಾಚಿರುತ್ತದೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದ ಮಗು ಮತ್ತೆ ತಪ್ಪುವುದಿಲ್ಲ.

ಗುಡ್ಡೆಯಲ್ಲೇ ತಪ್ಪು ಹಿಡಿಯುವಂಥವು ಇನ್ನೆರಡಿವೆ. ಒಂದು ಪಾವಟೆ, ಕೇಪುಳದ ದಾಯಾದಿ. ಅದರ ಹೂ ಬಿಳಿ, ಎಲೆಗೆ ತೊಟ್ಟಿದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಆ ಚುಕ್ಕೆಗಳಲ್ಲಿ ಸೂಕ್ಷ್ಮಜೀವಿಗಳು ಮನೆಮಾಡಿಕೊಂಡಿವೆ. ಇನ್ನೊಂದು ಸರ್ಪಗಂಧ. ಅದರ ಹೂಗೊಂಚಲಿನ ತೊಟ್ಟು ಕೆಂಪಗಿದ್ದು ದೂರಕ್ಕೆ ಮೋಸಮಾಡುತ್ತದೆ, ಹಣ್ಣೂ ಕಪ್ಪಗೆ ಹೊಳೆಯುತ್ತದೆ. ಆದರೆ ಎಲೆಗಳು ಮೂರು ನಾಲ್ಕು ಸುತ್ತಾಗಿ ಹೊರಡುತ್ತವೆ, ಮುರಿದರೆ ಹಾಲು ಬರುತ್ತದೆ. ದೊಡ್ಡಪ್ಪನ ಮಗನ ಮೊದಲ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಸರ್ಪಗಂಧ ಮದ್ದಿನ ಗಿಡ, ಮಕ್ಕಳ ಬಾಯಿಗಲ್ಲ.

ಕೇಪುಳಕ್ಕೆ ಹೆಸರು ಒಂದಲ್ಲ. ಕಿಸ್ಕಾರ, ಗುಡ್ಡೆದಾಸಾಳ ಎಂದೂ ಕನ್ನಡದಲ್ಲಿ ಕರೆಯುತ್ತಾರೆ. ಕಾಸರಗೋಡು ದಾಟಿ ತೆಂಕಕ್ಕೆ ಹೋದರೆ ತೆಚ್ಚಿ, ಚೆತ್ತಿ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್, ಅಲ್ಲಿಯ ವೈದ್ಯರ ಬಾಯಿಂದ ಕೇಳಿ ಬರೆಸಿದ 'ಹೊರ್ತುಸ್ ಮಲಬಾರಿಕುಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಇದು 'ಷೆಟ್ಟಿ'. ಚೆತ್ತಿಯೇ ಡಚ್ಚರ ಕಿವಿಯಲ್ಲಿ ಹಾಗಾದದ್ದು. 1753ರಲ್ಲಿ ಲಿನೇಯಸ್ ಇದಕ್ಕೆ ಇಕ್ಸೋರಾ ಎಂದು ಹೆಸರು ಕೊಟ್ಟ. ಇಕ್ಸೋರಾ ಎಂದರೆ ಬೇರೇನೂ ಅಲ್ಲ, ಈಶ್ವರ. ಮಲೆಯಾಳ ಸೀಮೆಯ ದೇವರಿಗೆ ಏರಿಸುವ ಹೂವೆಂದು ಬರೆದಿದ್ದನ್ನು ನೋಡಿ, ಪೋರ್ಚುಗೀಸರು ಆ ದೇವರ ಹೆಸರನ್ನು ಉಚ್ಚರಿಸುತ್ತಿದ್ದಂತೆಯೇ ಗಿಡಕ್ಕೆ ಅಂಟಿಸಿದ. ನಮ್ಮ ಗುಡ್ಡೆಯ ಕಾಡುಪೊದೆ ಹೀಗೆ ಲೋಕದ ತೋಟಗಳಿಗೆ ಈಶ್ವರನ ಹೆಸರು ಹೊತ್ತು ಹೋಯಿತು. ಫ್ಲೋರಿಡಾದ ಮನೆಗಳ ಬೇಲಿಯಲ್ಲಿ ಅದಿದೆ. ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ರಾಷ್ಟ್ರೀಯ ಪುಷ್ಪ ಅದು. ಅಲ್ಲಿಯ ಜನ ಅದನ್ನು ಕರೆಯುವ 'ಫಯಾ ಲೋಬಿ' ಎಂಬ ಮಾತಿಗೆ ಬೆಂಕಿಯಂಥ ಪ್ರೀತಿ ಎಂದರ್ಥ. ಅಷ್ಟು ದೂರದವರು ತಲೆಯ ಮೇಲಿಟ್ಟುಕೊಂಡದ್ದನ್ನು ನಾವು ಸೊಪ್ಪೆಂದು ಸವರಿದೆವು.

ಮದುವೆಯಾಗಿ ಬಂದದ್ದು ಪುತ್ತೂರು ಪೇಟೆಯಿಂದ ಎಂಟು ಕಿಲೋಮೀಟರ್ ಒಳಗಿನ ಮನೆಗೆ. ಇಲ್ಲಿ ಗುಡ್ಡೆ ಇರಲಿಲ್ಲ. ಇದ್ದ ಗುಡ್ಡೆ ಮಾವನ ಕಾಲಕ್ಕೇ ರಬ್ಬರ್ ಆಗಿತ್ತು. ಅತ್ತೆ ವರ್ಷಕ್ಕೊಮ್ಮೆ ದುರ್ಗಾಪೂಜೆಗೆ ಕೆಂಪು ಹೂ ಬೇಕೆಂದಾಗ ಆಳು ಹೋಗಿ ಎಲ್ಲಿಂದಲೋ ಒಂದು ಕುಕ್ಕೆ ಕೇಪುಳ ತರುತ್ತಿದ್ದ. ಆ ಕುಕ್ಕೆ ನೋಡಿದಾಗಲೆಲ್ಲ ಅಂಗಳದಲ್ಲೇ ಗಿಡವಿದ್ದರೆ ಎನ್ನಿಸುತ್ತಿತ್ತು. ನೆಟ್ಟೆ. ಸುಲಭಕ್ಕೆ ಬರಲಿಲ್ಲ.

ಮೊದಲು ಮಾಡಿದ್ದು, ತವರಿನ ಗುಡ್ಡೆಯಿಂದ ಮೊಳದೆತ್ತರದ ಎರಡು ಗಿಡ ಅಗೆದು ತಂದದ್ದು. ಮುರಕಲ್ಲಿನ ಸಂದಿಯಲ್ಲಿ ಬೆಳೆದ ಗಿಡದ ತಾಯಿಬೇರು ಎಷ್ಟು ಆಳಕ್ಕೆ ಹೋಗಿರುತ್ತದೆಂದು ಅಗೆದವರಿಗೇ ಗೊತ್ತು. ಪಿಕ್ಕಾಸಿನ ಏಟಿಗೆ ಬೇರು ಅರ್ಧಕ್ಕೆ ತುಂಡಾಯಿತು. ಹದಿನೈದು ದಿನಕ್ಕೆ ಎರಡೂ ಒಣಗಿ ಕಡ್ಡಿಯಾದವು. ಗುಡ್ಡೆಯಲ್ಲಿದ್ದರೆ ಇನ್ನೂ ಮೂವತ್ತು ವರ್ಷ ಬದುಕುತ್ತಿದ್ದ ಗಿಡಗಳು. ಕಾಡಿನ ಗಿಡವನ್ನು ಬೇರುಸಮೇತ ತರಬಾರದೆಂದು ಅಂದು ಕಲಿತದ್ದನ್ನು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಆಮೇಲೆ ಒಂದು ನರ್ಸರಿಗೆ ಹೋದೆ. 'ಊರಿನ ಕೇಪುಳವೇ ಅಮ್ಮ, ವರ್ಷವಿಡೀ ಹೂ' ಎಂದು ಕೊಟ್ಟರು. ಹೂ ವರ್ಷವಿಡೀ ಬಂದದ್ದು ನಿಜ. ಗಿಡ ಮೊಣಕಾಲೆತ್ತರಕ್ಕೆ ನಿಂತಿತು, ಎಲೆ ಬೆರಳಿನಷ್ಟು ಸಣ್ಣದು, ಎಸಳಿನ ತುದಿ ದುಂಡಗೆ. ಗುಡ್ಡೆಯ ಕೇಪುಳದ ಎಸಳು ಚೂಪು. ಮೂರು ವರ್ಷ ಕಾದೆ. ಹೂ ಬಾಡಿ ಉದುರುತ್ತಿತ್ತೇ ಹೊರತು ಒಂದೇ ಒಂದು ಕಾಯಿ ಕಟ್ಟಲಿಲ್ಲ. ಕುಂಡಕ್ಕೂ ಅಂಚುಬೇಲಿಗೂ ಎಂದು ಕುಳ್ಳಗೆ ಬೆಳೆಸಿದ ಮಿಶ್ರತಳಿಗಳು ಅವು, ಹೂವಿಗೇ ಹುಟ್ಟಿದವು. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹಣ್ಣಾಗದ ಗಿಡಕ್ಕೆ ಕೇಪುಳ ಎಂದು ಹೆಸರು ಹೇಳಿ ಮಾರಿದರೆ, ಮುಂದಿನ ಮಕ್ಕಳಿಗೆ ಕೇಪುಳಕ್ಕೆ ಹಣ್ಣಿದೆಯೆಂಬುದೇ ಮರೆತುಹೋಗುತ್ತದೆ.

ಕೊನೆಗೆ ಕೈಗೂಡಿದ್ದು ಕಡ್ಡಿಯಿಂದ. ಬಿಳಿನೆಲೆಯಲ್ಲಿ ನಾದಿನಿಯ ಮನೆ. ಆ ಊರು ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬಕ್ಕೆ ಸೇರಿದೆ. ಸುಬ್ರಹ್ಮಣ್ಯಕ್ಕೆ ಹೋಗಿ ಬರುವಾಗ ಅವಳಲ್ಲಿ ಉಳಿದು, ಬೆಳಗ್ಗೆ ಅವಳ ಗುಡ್ಡೆಯಿಂದ ಕಡ್ಡಿ ತಂದೆ. ತೀರ ಎಳತೂ ಅಲ್ಲದ, ಮರಗಟ್ಟಿಯೂ ಆಗದ, ಪೆನ್ಸಿಲಿಗಿಂತ ಸಪೂರದ ಕಡ್ಡಿ. ಗೇಣುದ್ದ ಕತ್ತರಿಸಿ, ತುದಿಯ ಎರಡು ಎಲೆ ಉಳಿಸಿ ಬೇರೆಲ್ಲ ತೆಗೆದು, ಬುಡದ ಒಂದು ಗಂಟು ಮಣ್ಣಿನೊಳಗಿರುವಂತೆ ಊರಿದೆ. ಮಣ್ಣೆಂದರೆ ಹೊಳೆಯ ಹೊಯ್ಗೆ ಅರ್ಧ, ಕೆಂಪು ಮಣ್ಣು ಅರ್ಧ. ಹನ್ನೆರಡರಲ್ಲಿ ಐದು ಬದುಕಿದವು. ಬೇರು ಬಿಡಲು ಒಂದೂವರೆ ತಿಂಗಳು ಹಿಡಿಯಿತು. ಈ ನಡುವೆ ಬೇರು ಬಂತೇ ಎಂದು ಎಳೆದು ನೋಡಬಾರದು. ಜೂನ್ ಮೊದಲ ಮಳೆಯ ಹೊತ್ತು ಇದಕ್ಕೆ ಒಳ್ಳೆಯದು. ಜಡಿಮಳೆ ಸುರಿಯುವಾಗ ಮಾತ್ರ ಕುಂಡವನ್ನು ಮಾಡಿನಡಿಗೆ ತರಬೇಕು, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಐದರಲ್ಲಿ ಎರಡನ್ನು ಅಂಗಳದ ಬಡಗು ಮೂಲೆಗೆ ನೆಟ್ಟೆ. ಎರಡನೆಯ ವರ್ಷ ಅವುಗಳ ಚಿಗುರೆಲ್ಲ ಹಳದಿ. ನಮ್ಮ ಸುಳ್ಯದ ಕಡೆ ಎಲೆ ಹಳದಿ ಎಂದರೆ ಎದೆ ಧಸಕ್ಕೆನ್ನುತ್ತದೆ. ಸಂಪಾಜೆ, ಅರಂತೋಡಿನಲ್ಲಿ ಹಳದಿ ಎಲೆ ರೋಗಕ್ಕೆ ತಲೆ ಬೋಳಾಗಿ ನಿಂತ ಅಡಿಕೆ ತೋಟಗಳನ್ನು ಕಂಡು ಬೆಳೆದವಳು ನಾನು. ಹತ್ತಿರ ಹೋಗಿ ನೋಡಿದರೆ ಎಲೆ ಹಳದಿಯಾದರೂ ನರಗಳು ಹಸಿರಾಗಿಯೇ ಇದ್ದವು. ಹಳೆಯ ಎಲೆಗಳಿಗೆ ಏನೂ ಆಗಿರಲಿಲ್ಲ, ಹೊಸ ಎಲೆಗಳಿಗೆ ಮಾತ್ರ. ತಿಂಗಳುಗಟ್ಟಲೆ ಯೋಚಿಸಿದ ಮೇಲೆ ಕಾರಣ ಕಣ್ಣೆದುರೇ ಸಿಕ್ಕಿತು. ಆ ಮೂಲೆ ಮದ್ದು ಕಲಸುವ ಜಾಗ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ವರ್ಷಕ್ಕೆ ಎರಡು ಮೂರು ಸಲ ಡ್ರಮ್ಮಿನ ತಳದ ಸುಣ್ಣದ ಗಷ್ಟನ್ನು ಅಲ್ಲೇ ಚೆಲ್ಲುತ್ತಿದ್ದೆವು. ಕೇಪುಳ ಹುಳಿಮಣ್ಣಿನ ಗಿಡ. ನಮ್ಮ ಮುರಕಲ್ಲಿನ ಮಣ್ಣಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ, ಅದರ ಕೆಂಪೇ ಕಬ್ಬಿಣದ ಕೆಂಪು. ಆದರೆ ಸುಣ್ಣ ಸೇರಿದ ಮಣ್ಣಿನಿಂದ ಕಬ್ಬಿಣವನ್ನು ಹೀರಿಕೊಳ್ಳಲು ಬೇರಿಗೆ ಆಗುವುದಿಲ್ಲ. ಅನ್ನದ ರಾಶಿಯ ಎದುರು ಕೂತು ಉಪವಾಸವಿದ್ದ ಹಾಗೆ. ಹೊಸ ಸಿಮೆಂಟು ಗೋಡೆಯ ಬುಡದಲ್ಲಿ ನೆಟ್ಟ ಕೇಪುಳ ಹಳದಿಯಾಗುವುದೂ ಇದೇ ಕಾರಣಕ್ಕೆ.

ಗಷ್ಟು ಚೆಲ್ಲುವ ಜಾಗ ಬದಲಿಸಿದೆವು. ಸುಣ್ಣದ ಮಣ್ಣು ತೆಗೆದು ಗುಡ್ಡೆಯ ಮಣ್ಣು, ತರಗೆಲೆ, ಹಟ್ಟಿಗೊಬ್ಬರ ಹಾಕಿದೆ. ಒಂದು ಮಳೆಗಾಲ ಕಳೆದು ಬಂದ ಚಿಗುರು ಕಡುಹಸಿರು. ಆ ಬೆಳಗ್ಗೆ ಅತ್ತೆಯನ್ನು ಕೈಹಿಡಿದು ಕರೆದು ತೋರಿಸಿದ್ದೆ.

ಹೂ ಬಂತು. ಹೂವಿನ ಜೊತೆ ಒಂದು ಸಮಸ್ಯೆಯೂ ಬಂತು. ದೇವರಿಗೆ ಹೂ ಕೊಯ್ದರೆ ಹಣ್ಣೆಲ್ಲಿಂದ? ಅತ್ತೆ ದಿನಾ ಬೆಳಗ್ಗೆ ಗೊಂಚಲು ಮುರಿಯುತ್ತಿದ್ದರು. ಅವರಿಗೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಗಿಡ ನೆಟ್ಟದ್ದೇ ಆ ಪೂಜೆಯ ನೆಪದಿಂದ. ಒಂದು ದಿನ ಅವರೇ ಕೇಳಿದರು, 'ನೀನೆಂತಕ್ಕೆ ಬೆಳಗ್ಗೆ ಎದ್ದು ಗಿಡದ ಹತ್ತಿರ ನಿಲ್ಲುವುದು?' ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನೂ ತಿಂದವಳೇ ಅಲ್ಲವಾ. ಆ ಕಡೆಯದ್ದು ದೇವರಿಗಿರಲಿ, ಈ ಕಡೆಯದ್ದನ್ನು ಮುಟ್ಟುವುದಿಲ್ಲ' ಎಂದರು. ಅವರು ಹೋಗಿ ಆರು ವರ್ಷವಾಯಿತು. ಈಗಲೂ ಪೂಜೆಗೆ ಕೊಯ್ಯುವುದು ಆ ಕಡೆಯ ಗಿಡದಿಂದ ಮಾತ್ರ.

ಮುಟ್ಟದೆ ಬಿಟ್ಟ ಗಿಡದಲ್ಲೂ ಮೊದಲ ವರ್ಷ ಕಟ್ಟಿದ್ದು ಬೆರಳೆಣಿಕೆಯ ಕಾಯಿ. ಎರಡೂ ಗಿಡ ಒಂದೇ ತಾಯಿಯ ಕಡ್ಡಿಗಳಲ್ಲವೇ, ಬೇರೆ ರಕ್ತ ಬೇಕೇನೋ ಎಂದು ತೋರಿತು. ತವರಿನ ಗುಡ್ಡೆಯಿಂದ ಹಣ್ಣು ತಂದು, ತಿರುಳು ತೊಳೆದು, ಒಣಗಿಸದೆ ಅಂದೇ ಬಿತ್ತಿದೆ. ಎರಡು ತಿಂಗಳು ಏನೂ ಇಲ್ಲ. ಮರೆತುಬಿಟ್ಟ ಮೇಲೆ ಮೊಳಕೆ ಕಂಡಿತು. ಬೀಜದ ಗಿಡ ಹೂ ಬಿಡಲು ನಾಲ್ಕು ವರ್ಷ ತಕ್ಕೊಂಡಿತು. ಅದು ಹೂ ಬಿಟ್ಟ ವರ್ಷದಿಂದ ಮೂರು ಗಿಡದಲ್ಲೂ ಗೊಂಚಲು ತುಂಬ ಕಾಯಿ.

ಕಾಯಿ ಕಟ್ಟಿಸುವವರು ಬೇರೆಯೇ ಇದ್ದಾರೆ. ಕೇಪುಳದ ಹೂವಿನ ಕೊಳವೆ ಉದ್ದ, ಸಪೂರ. ಜೇನು ಇರುವುದು ತಳದಲ್ಲಿ. ಜೇನ್ನೊಣಕ್ಕೆ ಅದು ಎಟಕುವುದಿಲ್ಲ. ಉದ್ದ ನಾಲಗೆಯ ಚಿಟ್ಟೆಗಳೇ ಬರಬೇಕು. ಬಿಸಿಲೇರಿದ ಹೊತ್ತಿಗೆ ನಮ್ಮ ರಾಜ್ಯದ ಚಿಟ್ಟೆಯಾದ, ಅಂಗೈಗಿಂತ ಅಗಲದ, ಕಪ್ಪು ಹಳದಿಯ ಸದರ್ನ್ ಬರ್ಡ್‌ವಿಂಗ್ ತೋಟದ ಕಡೆಯಿಂದ ತೇಲಿ ಬರುತ್ತದೆ. ಗೊಂಚಲಿನ ಮೇಲೆ ರೆಕ್ಕೆ ಬಡಿಯುತ್ತಲೇ ನಿಂತು ಕುಡಿಯುತ್ತದೆ. ಸೂರಕ್ಕಿಗಳು ಬರುತ್ತವೆ. ಚಿಗುರೆಲೆಯಲ್ಲಿ ಒಮ್ಮೆ ಮೈತುಂಬ ಮೊನೆಗಳಿರುವ ಹಸಿರು ಹುಳ ಕಂಡು ಕಿತ್ತೆಸೆಯಲು ಹೋಗಿ ಕೈ ತಡೆದೆ. ಅದು ಮಂಕಿ ಪಜ಼ಲ್ ಎಂಬ ಪುಟ್ಟ ಚಿಟ್ಟೆಯ ಮರಿಯೆಂದು ಆಮೇಲೆ ತಿಳಿಯಿತು. ಕೇಪುಳದ ಎಲೆ ಅದಕ್ಕೆ ತಾಯಿಯ ಹಾಲು. ಅಲ್ಲಿಂದ ಮುಂದೆ ಆ ಗಿಡಗಳಿಗೆ ಯಾವ ಮದ್ದನ್ನೂ ತಾಗಿಸಿಲ್ಲ. ಎಲೆಯಲ್ಲಿ ತೂತಿದ್ದರೆ ಇರಲಿ.

ಕತ್ತರಿಯ ವಿಷಯವೂ ಹಾಗೆಯೇ. ಕೇಪುಳ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಚೌಕಕ್ಕೆ, ಚೆಂಡಿನಾಕಾರಕ್ಕೆ ಎಂದು ತಿಂಗಳು ತಿಂಗಳು ತುದಿ ಕತ್ತರಿಸಿದರೆ ಹೂವೂ ಇಲ್ಲ, ಹಣ್ಣೂ ಇಲ್ಲ. ಹಣ್ಣು ಮುಗಿದು ಮಳೆ ಹಿಡಿಯುವಾಗ ವರ್ಷಕ್ಕೆ ಒಂದೇ ಸಲ ಸವರಿದರೆ ಸಾಕು. ಗುಡ್ಡೆಯಲ್ಲಿ ಸೊಪ್ಪು ಕಡಿಯುವವರು ಮಾಡುತ್ತಿದ್ದುದೂ ಅದನ್ನೇ. ಸವರಿದ ಕುಡಿಗಳನ್ನು ನಾನು ಎಸೆಯುವುದಿಲ್ಲ. ಎಳೆ ಕೊಡಿಗಳನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ, ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಹೊಟ್ಟೆ ಕೆಟ್ಟ ದಿನ ಬಿಸಿ ಅನ್ನಕ್ಕೆ ಅದೊಂದೇ ಸಾಕು. ಹೂವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ ಮಗುವಿನ ಮೈಗೆ ಹಚ್ಚುವ ರೂಢಿಯೂ ನಮ್ಮಲ್ಲಿದೆ. ನನ್ನ ಮಕ್ಕಳಿಬ್ಬರೂ ಆ ಎಣ್ಣೆಯಲ್ಲಿ ಮಿಂದವರು.

ಈ ಬೇಸಿಗೆಯಲ್ಲಿ ತವರಿಗೆ ಹೋಗಿದ್ದೆ. ದೊಡ್ಡಪ್ಪನ ಮಗನ ಜೊತೆ ಗುಡ್ಡೆ ಹತ್ತುವ ಆಸೆ. ಅವನಿಗೀಗ ಅರವತ್ತು ದಾಟಿದೆ. ಹತ್ತಲು ಗುಡ್ಡೆ ಇರಲಿಲ್ಲ. ಅರ್ಧ ಗುಡ್ಡೆಯನ್ನು ಜೆಸಿಬಿ ತಟ್ಟು ತಟ್ಟಾಗಿ ಕಡಿದಿತ್ತು. ಅಡಿಕೆಗೆ ಬೆಲೆ ಬಂದಿದೆ, ಸಸಿ ನೆಟ್ಟಿದ್ದಾರೆ. ಅವನನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಕೆಳಗಿನ ತೋಟ ಹಳದಿ ರೋಗಕ್ಕೆ ಹೋಗುತ್ತಿದೆ, ಬದುಕಬೇಕಲ್ಲ. ಉಳಿದರ್ಧದ ಅಂಚಿನಲ್ಲಿ ನಾಲ್ಕೈದು ಪೊದೆ ಕೇಪುಳ ಕಪ್ಪಗೆ ಹಣ್ಣಾಗಿ ನಿಂತಿತ್ತು. ಕೊಯ್ಯುವ ಮಕ್ಕಳಿಲ್ಲದೆ ಗೊಂಚಲು ಹಾಗೆಯೇ ಇತ್ತು. ನಾವಿಬ್ಬರೂ ನಿಂತು ತಿಂದೆವು. 'ಮುಂದಿನ ವರ್ಷ ಇದೂ ಹೋಗ್ತದೆ' ಎಂದ.

ನಮ್ಮ ಸೀಮೆಯ ಗುಡ್ಡೆಗಳು ಮಕ್ಕಳಿಗೆ ದೂರವಾದದ್ದು ಇದೇ ಮೊದಲಲ್ಲ. ಕೊಕ್ಕಡ, ಕೊಯಿಲದ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಅದರ ನೋವು ಹೊತ್ತ ಮನೆಗಳು ಇಂದಿಗೂ ಇವೆ. ಗುಡ್ಡೆಯ ಹಣ್ಣು ತಿನ್ನಬೇಡಿ ಎಂದು ತಾಯಂದಿರು ಹೇಳಲು ಕಲಿತದ್ದರ ಹಿಂದೆ ಆ ಹೆದರಿಕೆಯೂ ಇದೆ. ಆದ್ದರಿಂದಲೇ, ವಿಷ ತಾಗದ ನಮ್ಮದೇ ಅಂಗಳದಲ್ಲಿ, ನಮ್ಮದೇ ಕಣ್ಣಳತೆಯಲ್ಲಿ ಒಂದು ಕೇಪುಳ ಇರಬೇಕು. ಚಂದಕ್ಕೆಂದು ಹಣ್ಣಿನ ಗಿಡ ನೆಡುವುದಾದರೆ ಮಗು ಕೈ ಚಾಚಿದಾಗ ಬೇಡವೆನ್ನಬೇಕಾಗದ ಗಿಡ ನೆಡಬೇಕು. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ತವರಿನಿಂದ ಹೊರಡುವಾಗ ಹಣ್ಣು ಕಟ್ಟಿಕೊಂಡೆ, ಕಡ್ಡಿಯನ್ನೂ ಕತ್ತರಿಸಿಕೊಂಡೆ. ಮೇ ಕೊನೆಯ ವಾರ ತಂಗಿಯ ಮಗಳು ಮಗನನ್ನು ಕರೆದುಕೊಂಡು ಬಂದಳು. ಮಗುವಿನ ಕೈ ಹಿಡಿದು ಅಂಗಳಕ್ಕೆ ಹೋದೆ. ಮೊದಲು ಎಲೆ ತೋರಿಸಿದೆ, ಸಂದಿಯ ಪೊರೆ ಮುಟ್ಟಿಸಿದೆ, ಹಣ್ಣಿನ ಕಿರೀಟ ತೋರಿಸಿದೆ. 'ಕೆಂಪಾ, ಕಪ್ಪಾ?' ಎಂದು ಕೇಳಿದೆ. 'ಕಪ್ಪು' ಎಂದ. ಒಂದು ತಿಂದ. ಮುಖ ಸಣ್ಣಗೆ ಮಾಡಿ ಬೀಜ ಉಗುಳಿ ಇನ್ನೊಂದಕ್ಕೆ ಕೈ ಚಾಚಿದ. ಬೇಲಿಯ ಮೇಲೆ ಎರಡು ಪಿಕಳಾರ ತಮ್ಮ ಪಾಲಿಗೆ ಕಾಯುತ್ತಿದ್ದವು.

ಅವರು ಹೋಗುವಾಗ ಬೇರು ಬಿಟ್ಟ ಒಂದು ಗಿಡ ಕೊಟ್ಟು ಕಳಿಸಿದ್ದೇನೆ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಅದನ್ನೇ ಹೊಯ್ದರೆ ಎಲೆ ಹಳದಿಯಾದೀತು. ಮಳೆ ಬಂದಾಗ ಬಾಲ್ಕನಿಯಲ್ಲಿ ಬಾಲ್ದಿ ಇಟ್ಟು ಆ ನೀರು ಹೊಯ್ಯೆಂದು ಹೇಳಿದ್ದೇನೆ. ಪುತ್ತೂರು, ಸುಳ್ಯ, ಕಡಬದಲ್ಲಿ ಇನ್ನೂ ಗುಡ್ಡೆ ಉಳಿದಿರುವವರಲ್ಲಿ ಒಂದು ಕೇಳಿಕೆ. ಜೆಸಿಬಿಗೆ ಫೋನ್ ಮಾಡುವ ಮೊದಲು ಒಮ್ಮೆ ಹತ್ತಿ ಬನ್ನಿ. ಕೇಪುಳ ಎಲ್ಲಿದೆ ನೋಡಿ ಹತ್ತು ಕಡ್ಡಿ ಕತ್ತರಿಸಿ ತನ್ನಿ, ನಾಲ್ಕು ಹಣ್ಣು ಬಿತ್ತಿ. ಹತ್ತರಲ್ಲಿ ನಾಲ್ಕೈದು ಖಂಡಿತ ಬದುಕುತ್ತವೆ.